ಸೊಟ್ಟ ಹ್ಯಾಂಡಲ್, ಎಳೆಯುವ ಗಾಡಿ

ಮಳೆಗಾಲದಲ್ಲಿ ಕಲಬುರಗಿ ಸುತ್ತಲಿನ ಎರೆ ಹೊಲಕ್ಕೆ ಗಾಡಿ ಇಳಿಸಿದವರಿಗೆ ಗೊತ್ತು, ಆ ಕಪ್ಪು ಮಣ್ಣು ಟೈರಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೇ ಎಟಿವಿ (ಹೊಲ, ಗುಡ್ಡದಲ್ಲಿ ಓಡಿಸುವ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ) ಇಟ್ಟುಕೊಂಡವರಿಗೆ ಅದನ್ನು ಎತ್ತರ ಮಾಡಿಸುವ ಆಸೆ. ದೊಡ್ಡ ಟೈರು ಬರುತ್ತದೆ, ಶಾಕ್ ಅಬ್ಸಾರ್ಬರಿಗೆ ಲಿಫ್ಟ್ ಬ್ರಾಕೆಟ್ ಬರುತ್ತದೆ, ಚಕ್ರ ಹೊರಗೆ ಚಾಚಲಿ ಅಂತ ಹಬ್ಬಿಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ಸ್ಪೇಸರ್ ಅನ್ನುವ ದಪ್ಪ ಬಿಲ್ಲೆ ಕೂಡ ಬರುತ್ತದೆ. ಗಾಡಿ ನೋಡೋಕೆ ಖಡಕ್ ಆಗುತ್ತದೆ. ಆಮೇಲೆ ಗ್ಯಾರೇಜಿನಲ್ಲಿ ಶುರುವಾಗುವ ಮಾತು ಇದು: "ಅಣ್ಣಾ, ಗಾಡಿ ಎಡಕ್ಕ ಎಳೀಲಾಕತ್ತದ. ಅಲೈನ್‌ಮೆಂಟ್ ಮಾಡಿಕೊಡ್ರಿ."

ಹೀಗಂದ ಕೂಡಲೇ ಟೈ ರಾಡಿಗೆ, ಅಂದರೆ ಹ್ಯಾಂಡಲಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸಲಾಕೆಗೆ, ಪಾನಾ ಹಾಕುವವರೇ ಜಾಸ್ತಿ. ನನ್ನನ್ನು ಕೇಳಿದರೆ ಅದು ಕೊನೆಗೆ ಮುಟ್ಟಬೇಕಾದ ಜಾಗ.

ಈ ಒಂದು ದೂರಿನಲ್ಲಿ ಎರಡು ಬೇರೆ ಬೇರೆ ತೊಂದರೆ ಅಡಗಿರಬಹುದು. ಹ್ಯಾಂಡಲ್ ಸೊಟ್ಟ ಹಿಡಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ಕೈಗೆ ಜಗ್ಗಾಟ ಇಲ್ಲ. ಇದು ಒಂದು. ಹಿಡಿತ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಗಾಡಿ ತಾನಾಗಿ ಒಂದು ಬಾಜು ಜಗ್ಗುತ್ತದೆ. ಇದು ಇನ್ನೊಂದು. ಮೊದಲನೆಯದಕ್ಕೆ ಎಡ ಬಲ ಟೈ ರಾಡುಗಳ ಉದ್ದ ಹೆಚ್ಚುಕಮ್ಮಿ ಆಗಿರುವುದೇ ಸಾಮಾನ್ಯ ಕಾರಣ. ಎರಡನೆಯದು ಟೈ ರಾಡ್ ತಿರುವಿದರೆ ಹೋಗುವಂಥದ್ದಲ್ಲ. ಮುಂದಿನ ಎರಡೂ ಚಕ್ರ ಒಂದೇ ಹ್ಯಾಂಡಲಿಗೆ ಕಟ್ಟಿಕೊಂಡಿವೆ. ಒಂದರ ಕೋನ ಕೆಡಿಸಿದರೆ ಓಡುವಾಗ ಎರಡೂ ಆ ವ್ಯತ್ಯಾಸವನ್ನು ಸಮ ಹಂಚಿಕೊಳ್ಳುತ್ತವೆ. ಎಳೆತ ಹಾಗೇ ಉಳಿಯುತ್ತದೆ, ಹ್ಯಾಂಡಲೂ ಸೊಟ್ಟಗಾಗುತ್ತದೆ.

ಜಗ್ಗುವುದು ಗಾಡಿಯೋ ನೆಲವೋ, ಅದನ್ನೂ ನೋಡಬೇಕು. ಮಳೆ ನೀರು ಹರಿದುಹೋಗಲಿ ಅಂತ ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ನಾವು ಎಡಗಡೆ ಓಡಿಸುವವರು, ಹಾಗಾಗಿ ಸರಿಯಿರುವ ಗಾಡಿಯೂ ಎಡಕ್ಕೆ ಸರಿಯುತ್ತದೆ. ಖಾಲಿ ಮೈದಾನದಲ್ಲಿ ಒಂದು ಗೆರೆ ಹಿಡಿದು ಹೋಗಿ, ಅದೇ ಗೆರೆಯಲ್ಲಿ ವಾಪಸ್ ಬನ್ನಿ. ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಎಳೆದರೆ ತಪ್ಪು ನೆಲದ್ದು.

ಇನ್ನು ಗಾಳಿ. ಇಲ್ಲಿ ನಮ್ಮೂರ ಬಿಸಿಲಿಗೂ ಪಾಲಿದೆ. ಕಾರಿನ ಟೈರಿಗೆ 30 ಪಿಎಸ್‌ಐ ಆಸುಪಾಸು ಗಾಳಿ ಹಾಕುತ್ತೇವೆ. ಎಟಿವಿಯ ಉಬ್ಬು ಟೈರಿಗೆ ಸಾಕಾಗುವುದು ಬಹುತೇಕ 5 ಪಿಎಸ್‌ಐ ಸುತ್ತಮುತ್ತ. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಒಳಗಿನದು ಎಷ್ಟು ಜಾಸ್ತಿ ಅನ್ನುವುದನ್ನು ಮಾತ್ರ. ಹೊರಗಿನ ಒತ್ತಡ ಸುಮಾರು 14 ಪಿಎಸ್‌ಐ. ಅಂದರೆ ಟೈರಿನೊಳಗೆ ನಿಜಕ್ಕೂ ಇರುವುದು 19. ಗಾಡಿ ಅರ್ಧ ಬೇವಿನ ನೆರಳಲ್ಲಿ, ಅರ್ಧ ಬಿಸಿಲಲ್ಲಿ ನಿಂತಿದೆ ಅಂದುಕೊಳ್ಳಿ. ಬಿಸಿಲಿನ ಟೈರಿನ ಗಾಳಿ 15 ಡಿಗ್ರಿ ಜಾಸ್ತಿ ಕಾದರೆ ಆ 19ರಲ್ಲಿ ಶೇಕಡಾ 5ರಷ್ಟು ಏರುತ್ತದೆ, ಹೆಚ್ಚುಕಡಿಮೆ 1 ಪಿಎಸ್‌ಐ. ಐದಕ್ಕೆ ಒಂದು ಅಂದರೆ ಐದನೇ ಒಂದು ಪಾಲು! ನೆರಳಿನ ಟೈರು ಮೆತ್ತಗೆ ಕೂತು ಗಾಡಿಯನ್ನು ತನ್ನ ಕಡೆ ಎಳೆಯುತ್ತದೆ. ಬೆಳಗಿನ ತಂಪಲ್ಲಿ, ಕಡಿಮೆ ಒತ್ತಡದ ಗೇಜಿನಲ್ಲೇ ನೋಡಿ. ಪೆಟ್ರೋಲ್ ಬಂಕಿನ ಗೇಜು ಇಷ್ಟು ಸಣ್ಣ ವ್ಯತ್ಯಾಸ ಹಿಡಿಯುವುದಿಲ್ಲ.

ಹಿಂದಿನ ಟೈರುಗಳನ್ನೂ ಮರೆಯಬೇಡಿ. ಎಷ್ಟೋ ಎಟಿವಿಗಳಲ್ಲಿ ಹಿಂದೆ ಡಿಫರೆನ್ಷಿಯಲ್ (ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು) ಇರುವುದಿಲ್ಲ, ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್ ಮೇಲೆ ಸಮಸಮ ಸುತ್ತುತ್ತವೆ. ಒಂದು ಟೈರಿನ ಸುತ್ತಳತೆ ಕಮ್ಮಿ ಇದ್ದರೆ ಗಾಡಿ ಆ ಕಡೆಗೇ ತಿರುಗುತ್ತದೆ. ಸುಮ್ನೆ ಒಂದು ಟೇಪು ಸುತ್ತಿ ಅಳೆದರೆ ಗೊತ್ತಾಗುತ್ತದೆ.

ಆಮೇಲೆ ಮುಂಭಾಗ ಜಾಕ್ ಕೊಟ್ಟು ಎತ್ತಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಲಟಲಟ ಅಂದರೆ ಬೇರಿಂಗೋ ಬಾಲ್ ಜಾಯಿಂಟೋ ಎ-ಆರ್ಮ್ ಬುಷ್ಷೋ ಸವೆದಿದೆ (ಎ-ಆರ್ಮ್ ಅಂದರೆ ಚಕ್ರವನ್ನು ಫ್ರೇಮಿಗೆ ಹಿಡಿದಿಡುವ, ಮೇಲೆ ಕೆಳಗೆ ಆಡುವ ತೋಳು). ಇನ್ನೊಬ್ಬರಿಗೆ ಬ್ರೇಕ್ ಹಿಡಿಯಲು ಹೇಳಿ. ಅಲುಗಾಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಉಳಿದೆರಡರಲ್ಲಿ ಒಂದು. ಎಡ ಬಲ ಹಿಡಿದು ಅಲುಗಾಡಿಸಿದಾಗ ಟೈ ರಾಡಿನ ತುದಿಯ ಪ್ಲೇ, ಅಂದರೆ ಸಡಿಲಾಟ, ಸಿಗುತ್ತದೆ. ಅದರ ರಬ್ಬರ್ ಬೂಟು ಒಂದು ಕಡೆ ಹರಿದಿದ್ದರೂ ಸಾಕು, ಎರೆ ಮಣ್ಣಿನ ಕೆಸರು ಒಳಗೆ ಹೋಗಿ ಗ್ರೀಸಿನ ಜತೆ ಕಲಸಿ ಜಾಯಿಂಟನ್ನು ಒಳಗಿಂದ ತಿನ್ನುತ್ತದೆ. ಈ ಪ್ಲೇ ಇಟ್ಟುಕೊಂಡು ಅಳೆದ ಯಾವ ಅಲೈನ್‌ಮೆಂಟಿಗೂ ಅರ್ಥ ಇಲ್ಲ.

ಇಷ್ಟಾದ ಮೇಲೆ ಟೋ. ಅಂದರೆ ಮುಂದಿನ ಎರಡು ಚಕ್ರಗಳ ಮುಂದಿನ ಅಂಚುಗಳ ನಡುವಿನ ಅಂತರ, ಹಿಂದಿನ ಅಂಚುಗಳ ನಡುವಿನ ಅಂತರ, ಇವುಗಳ ವ್ಯತ್ಯಾಸ. ನೆಲ ಸಮ ಇರಬೇಕು. ಶಹಾಬಾದಿ ಫರ್ಸಿ ಹಾಸಿದ ಪಡಸಾಲೆ ಸಿಕ್ಕರೆ ಒಳ್ಳೆಯದು. ಓಡಿಸುವವರು ಮೇಲೆ ಕೂತಿರಬೇಕು. ಎರಡೂ ಟೈರಿನ ಮುಂದಿನ ಅಂಚಿನ ನಡುಮಧ್ಯೆ ಹಬ್ಬಿನ ಎತ್ತರಕ್ಕೆ ಚಾಕ್‌ಪೀಸ್ ಗುರುತು ಹಾಕಿ ಅಳೆಯಿರಿ. ಗಾಡಿಯನ್ನು ಚಕ್ರ ಅರ್ಧ ಸುತ್ತು ತಿರುಗುವಷ್ಟು ತಳ್ಳಿ, ಅದೇ ಗುರುತು ಹಿಂದೆ ಬಂದಾಗ ಮತ್ತೆ ಅಳೆಯಿರಿ. ರಿಮ್ಮು ಸ್ವಲ್ಪ ಬೆಂಡ್ ಇದ್ದರೂ ಆ ತಪ್ಪು ಲೆಕ್ಕದಿಂದ ಹೊರಗುಳಿಯುತ್ತದೆ. 25 ಇಂಚಿನ ಟೈರಿನಲ್ಲಿ ಟೋ 5 ಮಿಲಿಮೀಟರ್ ಕೆಟ್ಟರೆ ಕಣ್ಣಿಗೆ ಕಾಣುವುದೂ ಇಲ್ಲ. ಆದರೆ ಪ್ರತಿ ಕಿಲೋಮೀಟರಿಗೆ ಒಂದೊಂದು ಟೈರೂ 4 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ.

ನಿಂತಲ್ಲಿ ಟೋ ಸರಿ ಬಂದರೂ ಎತ್ತರಿಸಿದ ಗಾಡಿಯಲ್ಲಿ ಕೆಲಸ ಮುಗಿಯಲಿಲ್ಲ. ಚಕ್ರ ಮೇಲೆ ಕೆಳಗೆ ಆಡುವಾಗ ಎ-ಆರ್ಮ್ ತನ್ನ ಬುಡದಿಂದ ಒಂದು ಕಮಾನು ಎಳೆಯುತ್ತದೆ, ಟೈ ರಾಡ್ ತನ್ನ ಬುಡದಿಂದ ಇನ್ನೊಂದು. ಗಾಡಿ ಮಾಡಿದವರು ಇವೆರಡೂ ಆದಷ್ಟು ಒಂದಕ್ಕೊಂದು ಹೊಂದುವ ಹಾಗೆ ಕೂರಿಸಿರುತ್ತಾರೆ. ಲಿಫ್ಟ್ ಹಾಕಿದಾಗ ಎರಡೂ ಕೆಳಗೆ ಇಳಿಬಿದ್ದು, ಕಮಾನುಗಳು ಕವಲೊಡೆಯುವ ಜಾಗಕ್ಕೆ ಬಂದು ನಿಲ್ಲಬಹುದು. ಎ-ಆರ್ಮ್ ಉದ್ದ ಮಾಡಿ, ಟೈ ರಾಡಿಗೆ ಬರೀ ತುಂಡು ಸೇರಿಸಿದರೂ ಇದೇ ಗತಿ. ಬದು ಹತ್ತಿದಾಗ ನೀವು ತಿರುಗಿಸದಿದ್ದರೂ ಚಕ್ರ ತಾನೇ ತಿರುಗುತ್ತದೆ. ಇದಕ್ಕೆ ಬಂಪ್ ಸ್ಟಿಯರ್ ಅನ್ನುತ್ತಾರೆ.

ಪರೀಕ್ಷೆ ಕಷ್ಟದ್ದಲ್ಲ. ಫ್ರೇಮಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಹ್ಯಾಂಡಲ್ ನೆಟ್ಟಗೆ ಕಟ್ಟಿ, ಎರಡೂ ಕಡೆ ಶಾಕ್ ಬಿಚ್ಚಿ. ಎರಡು ಜಾಕ್ ಇಟ್ಟು ಚಕ್ರಗಳನ್ನು ಎರಡೆರಡು ಸೆಂಟಿಮೀಟರ್ ಎತ್ತುತ್ತಾ ಪ್ರತಿ ಸಲ ಟೋ ಬರೆದುಕೊಳ್ಳಿ. ಅಂಕಿ ಕದಲದಿದ್ದರೆ ನಿಶ್ಚಿಂತೆ. ಏರುತ್ತಲೋ ಇಳಿಯುತ್ತಲೋ ಹೋದರೆ ಟೈ ರಾಡಿನ ಉದ್ದದಲ್ಲಿ ಇದಕ್ಕೆ ಮದ್ದಿಲ್ಲ. ಲಿಫ್ಟ್ ಕಮ್ಮಿ ಮಾಡಬೇಕು, ಇಲ್ಲವೇ ರಾಡಿನ ತುದಿ ಕೂರುವ ಜಾಗವನ್ನೇ ಬದಲಿಸಬೇಕು.

ಸ್ಪೇಸರ್ ಬಗ್ಗೆ ನನಗೆ ಮೊದಲಿಂದಲೂ ಒಲವಿಲ್ಲ. 30 ಮಿಲಿಮೀಟರ್ ಸ್ಪೇಸರ್ ಹಾಕಿದರೆ ಹ್ಯಾಂಡಲ್ ತಿರುಗಿಸಿದಾಗ ಚಕ್ರ ಎಡ ಬಲಕ್ಕೆ ತಿರುಗುವ ಅಕ್ಷಕ್ಕೂ ಟೈರಿನ ನಡುವಿಗೂ ಇರುವ ಅಂತರ ಅಷ್ಟೇ ಹೆಚ್ಚುತ್ತದೆ. ಕಲ್ಲು ಬಡಿದ ಪೆಟ್ಟು ಹೀಗೆ ಉದ್ದವಾದ ಸನ್ನೆಕೋಲಿನ ಬಲದಲ್ಲಿ ಹ್ಯಾಂಡಲನ್ನು ಕೈಯಿಂದ ಕಿತ್ತುಕೊಳ್ಳುತ್ತದೆ.

ಕೊನೆಗೆ ಟೈ ರಾಡ್ ಮುಟ್ಟುವಾಗ ಎರಡೂ ಬಾಜು ಸಮ ಸುತ್ತು ತಿರುವಿ, ರಾಡಿನ ಥ್ರೆಡ್ಡು ಸಾಕಷ್ಟು ಒಳಗೆ ಉಳಿದಿದೆಯೇ ನೋಡಿ. ಲಾಕ್ ನಟ್ ಬಿಗಿದ ಮೇಲೆ ಟೋ ಇನ್ನೊಮ್ಮೆ ಅಳೆಯಿರಿ. ಬಿಗಿಯುವಾಗ ರಾಡೂ ನಟ್ಟಿನ ಜತೆ ಒಂಚೂರು ತಿರುಗಿರುತ್ತದೆ.