ಕ್ಲಿಪ್ ಬಿಚ್ಚುವಾಗಲೂ ಸಂದು ಯಾಕೆ ಉಳಿಯುತ್ತದೆ?

"ಎರಡು ವರ್ಷ ಕ್ಲಿಪ್ ಹಾಕಿಸಿಕೊಂಡೆ ಡಾಕ್ಟ್ರೇ, ಆದ್ರೂ ಮುಂದಿನ ಹಲ್ಲಿನ ಪಕ್ಕ ಸಂದು ಹಾಗೇ ಇದೆ." ಈ ದೂರು ನಮಗೆ ಹೊಸದಲ್ಲ. ತಂತಿ ಇನ್ನಷ್ಟು ಬಿಗಿ ಮಾಡಬೇಕಿತ್ತು ಅಂತ ಅವರ ಅಂದಾಜು. ಎಷ್ಟೋ ಸಲ ತಪ್ಪು ತಂತಿಯದಲ್ಲ. ಮೇಲಿನ ಹಲ್ಲುಗಳ ಅಗಲಕ್ಕೂ ಕೆಳಗಿನವುಗಳ ಅಗಲಕ್ಕೂ ತಾಳೆಯೇ ಆಗುವುದಿಲ್ಲ. ತಂತಿ ಹಲ್ಲನ್ನು ಜರುಗಿಸುತ್ತದೆ, ಅಗಲ ಮಾಡುವುದಿಲ್ಲ ಅಲ್ವಾ?

ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಡಬ್ಬಿಯ ಮುಚ್ಚಳದ ಹಾಗೆ ಕೂರಬೇಕು. ಹಾಗಾಗಿ ಅದು ತುಸು ದೊಡ್ಡದಿರಲೇಬೇಕು. ಎಷ್ಟು ದೊಡ್ಡದು? 1958ರಲ್ಲಿ ಅಮೆರಿಕದ ದಂತವೈದ್ಯ ವೇಯ್ನ್ ಬೋಲ್ಟನ್ ಇದಕ್ಕೊಂದು ಲೆಕ್ಕ ಕೊಟ್ಟರು. ಬೈಟ್, ಅಂದರೆ ಮೇಲಿನ ಕೆಳಗಿನ ಹಲ್ಲುಗಳು ಕೂಡುವ ರೀತಿ, ತುಂಬಾ ಚೆನ್ನಾಗಿದ್ದ 55 ಜನರ ಹಲ್ಲಿನ ಅಚ್ಚುಗಳನ್ನು ಅವರು ಅಳೆದಿದ್ದರು. ಕೆಳಗಿನ ಆರು ಮುಂದಿನ ಹಲ್ಲುಗಳ ಒಟ್ಟು ಅಗಲ ಮೇಲಿನ ಆರರ ಶೇ. 77.2ರಷ್ಟು ಇತ್ತು. ಮೊದಲ ದವಡೆ ಹಲ್ಲಿನವರೆಗೆ ಹನ್ನೆರಡೂ ಸೇರಿಸಿದರೆ ಶೇ. 91.3. ನಾವು ಇವತ್ತಿಗೂ ಇದೇ ಲೆಕ್ಕ ಹಾಕುತ್ತೇವೆ.

ಹೀಗೊಂದು ಬಾಯಿ ಇದೆ ಅಂದುಕೊಳ್ಳಿ. ಮೇಲೆ ನಡುವಿನ ಬಾಚಿಹಲ್ಲು 8.5 ಮಿ.ಮೀ., ಕೋರೆಹಲ್ಲು 7.6. ಇವೆರಡರ ಮಧ್ಯದ ಹಲ್ಲು ಮಾತ್ರ ಸಣಕಲು, 5.5. ಎರಡೂ ಕಡೆ ಸೇರಿ 43.2. ಕೆಳಗಿನ ಆರು ಹಲ್ಲು 35. ಭಾಗಿಸಿದರೆ ಶೇ. 81. ಕೆಳಗಿನ 35ಕ್ಕೆ ಸರಿಹೊಂದಲು ಮೇಲೆ 45.3 ಬೇಕಿತ್ತು. ಅಂದರೆ ಸುಮಾರು 2 ಮಿ.ಮೀ. ಕಮ್ಮಿ. ದವಡೆ ಹಲ್ಲುಗಳನ್ನು ಸರಿಯಾಗಿ ಕೂರಿಸಿದರೆ ಮುಂದೆ ಸಂದು ಉಳಿಯುತ್ತದೆ. ಹಟ ಹಿಡಿದು ಸಂದು ಮುಚ್ಚಿದರೆ ಮುಂದಿನ ಹಲ್ಲುಗಳು ಒಳಗೆ ವಾಲಿ, ಕೆಳಗಿನವುಗಳಿಗೆ ತಾಗುತ್ತವೆ. ಎರಡರಲ್ಲಿ ಒಂದು ತಪ್ಪದು.

ಇಂಥ ಕೇಸಲ್ಲಿ ಎಡಬಲದ ಆ ಎರಡು ಸಣಕಲು ಹಲ್ಲುಗಳಿಗೆ ಕಾಂಪೋಸಿಟ್ (ಹಲ್ಲಿನ ಬಣ್ಣದ ತುಂಬುವ ವಸ್ತು) ಹಚ್ಚಿ ಒಂದೊಂದನ್ನೂ ಸುಮಾರು 1 ಮಿ.ಮೀ. ಅಗಲ ಮಾಡುವುದೇ ನನಗೆ ಇಷ್ಟ. ಕೊರತೆ ಎಲ್ಲಿದೆಯೋ ಅಲ್ಲೇ ತುಂಬಿದ ಹಾಗಾಯಿತು. ಕೆಳಗಿನ ಹಲ್ಲುಗಳ ನಡುವೆ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ತುಸು ಉಜ್ಜಿ ಸಣ್ಣ ಮಾಡುವ ದಾರಿಯೂ ಇದೆ. ಆದರೆ ಚೆನ್ನಾಗಿರುವ ಹಲ್ಲನ್ನು ಸುಮ್ನೆ ಯಾಕೆ ಉಜ್ಜಬೇಕು? ಹಾಗಂತ ಕಾಂಪೋಸಿಟ್ ಶಾಶ್ವತ ಅಲ್ಲ. ಬಣ್ಣ ಕೆಡಬಹುದು, ಅಂಚು ಮುರಿಯಬಹುದು, ಮತ್ತೆ ಹಚ್ಚಬೇಕಾಗುತ್ತದೆ. ಈ ಖರ್ಚಿನ ಮಾತನ್ನು ಮನೆಯವರಿಗೆ ಕ್ಲಿಪ್ ಹಾಕುವ ಮೊದಲೇ ಹೇಳಬೇಕು. ಕೊನೆಗೆ ಹೇಳಿದರೆ ಅದು ನೆಪದ ಹಾಗೆ ಕೇಳಿಸುತ್ತದೆ.

ಅಳೆಯುವಾಗಲೂ ಎಚ್ಚರ ಬೇಕು. ಹಲ್ಲಿನ ಅತಿ ಅಗಲವಾದ ಜಾಗಕ್ಕೇ ಕ್ಯಾಲಿಪರ್ (ಅಗಲ ಅಳೆಯುವ ಸಾಧನ) ತುದಿ ತಾಗಬೇಕು. ಹಲ್ಲುಗಳು ಒತ್ತೊತ್ತಾಗಿದ್ದರೆ ತುದಿ ಒಳಗೆ ಹೋಗುವುದೇ ಕಷ್ಟ. ಒಂದೊಂದು ಹಲ್ಲಿಗೆ 0.2 ಮಿ.ಮೀ. ಜಾಸ್ತಿ ಅಳೆದರೂ ಹನ್ನೆರಡಕ್ಕೆ 2.4 ಆಗಿಬಿಡುತ್ತದೆ. ಇಲ್ಲದ ಸಮಸ್ಯೆ ಹುಟ್ಟಲು ಅಷ್ಟು ಸಾಕು. ಬೇಕಾದ ಅಗಲಕ್ಕೂ ಇರುವ ಅಗಲಕ್ಕೂ ವ್ಯತ್ಯಾಸ 1.5 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಈ ಲೆಕ್ಕಕ್ಕೆ ಅಗಲ ಮಾತ್ರ ಗೊತ್ತು. ಹಲ್ಲಿನ ದಪ್ಪವಾಗಲಿ, ಅದು ವಾಲಿರುವ ಕೋನವಾಗಲಿ ಗೊತ್ತಿಲ್ಲ. ಹಾಗಾಗಿ ಅನುಮಾನವಿದ್ದ ಕೇಸಲ್ಲಿ ಅಚ್ಚಿನಿಂದ ಹಲ್ಲುಗಳನ್ನು ಕತ್ತರಿಸಿ, ಮೇಣದಲ್ಲಿ ಸಾಲಾಗಿ ಕೂರಿಸಿ ನೋಡುವ ಹಳೇ ಪದ್ಧತಿ ಇದೆ. ಈಗ ಅದನ್ನೇ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಮಾಡಬಹುದು. ಸಂದು ಎಲ್ಲಿ, ಎಷ್ಟು ಉಳಿಯುತ್ತದೆ ಎಂದು ರೋಗಿಗೂ ಅಲ್ಲೇ ತೋರಿಸಬಹುದು.