ಬೂದಿದಿಬ್ಬದ ಬೂದಿಯನ್ನು ಹೊಲಕ್ಕೆ ಹೊಡೆಯುವ ಮುನ್ನ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕುಡತಿನಿ ಬಳಿ ಇರುವ ಬೂದಿದಿಬ್ಬ (ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿಯ ರಾಶಿ) ಬಸ್ಸಿನ ಕಿಟಕಿಯಿಂದ ಬರೀ ಮಣ್ಣುಗುಡ್ಡೆಯಂತೆ ಕಾಣುತ್ತದೆ. ಹಂಪಿ ಹತ್ತಿರದ ನಿಂಬಾಪುರದಲ್ಲೂ ಇಂಥದೇ ಒಂದಿದೆ. ಅದು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ ಜನ. ಸುಟ್ಟದ್ದು ನಿಜ, ಆದರೆ ಹೆಣವನ್ನಲ್ಲ, ದನದ ಸಗಣಿಯನ್ನು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಹೀಗೆ ಊಹಿಸಿದ್ದರು. 1960ರಲ್ಲಿ ಪುರಾತತ್ತ್ವಜ್ಞ ಝ್ಯೂನರ್ ಕುಡತಿನಿಯ ಬೂದಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಹುಲ್ಲಿನ ಸಿಲಿಕಾ ಕಣಗಳು ಕಂಡವು. ತೆಲಂಗಾಣದ ಉಟ್ನೂರಿನಲ್ಲಿ 1957ರ ಉತ್ಖನನದಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಅವರಿಗೆ ದೊಡ್ಡಿಯ ಗೂಟದ ಕುಳಿಗಳ ಜೊತೆ ಬೂದಿಯಲ್ಲಿ ಒತ್ತಿದ ಗೊರಸಿನ ಗುರುತೂ ಸಿಕ್ಕಿತು. ಇಷ್ಟಾದ ಮೇಲೆ ಅನುಮಾನಕ್ಕೆ ಜಾಗವಿಲ್ಲ.

ದಿಬ್ಬದಲ್ಲಿ ಎರಡು ಬಗೆಯ ವಸ್ತು ಇರುತ್ತದೆ. ಒಂದು, ಬೆರಳಿಗೆ ಹತ್ತುವ ನುಣ್ಣನೆಯ ಬೂದುಬಣ್ಣದ ಪುಡಿ. ಇನ್ನೊಂದು, ಗಾಜಿನಂತೆ ಕರಗಿ ಗಟ್ಟಿಯಾದ, ತೂತುತೂತಾದ ಹೆಂಟೆ. ಇದನ್ನೇ ಬಹಳ ಮಂದಿ ಕಬ್ಬಿಣದ ಕಿಟ್ಟ ಅಂದುಕೊಳ್ಳುತ್ತಾರೆ. ಕೈಯಲ್ಲಿ ತೂಗಿ ನೋಡಿ: ಕಿಟ್ಟ ಭಾರ, ಇದು ಹಗುರ. ಸಗಣಿಯಲ್ಲಿರುವ ಪೊಟ್ಯಾಷ್ ಸಿಲಿಕಾವನ್ನು ಬೇಗ ಕರಗಿಸುತ್ತದೆ; ಆದರೂ ನಾಲ್ಕು ಕುಳ್ಳಿನ ಒಲೆಗೆ ಅದು ಸಾಧ್ಯವಿಲ್ಲ, ದೊಡ್ಡ ರಾಶಿ ಒಳಗೊಳಗೇ ಹೊತ್ತು ಕಾವು ಹಿಡಿದಿಡಬೇಕು. ಅಲ್ಲದೆ ಈ ದಿಬ್ಬಗಳು ಕ್ರಿ.ಪೂ. 3000ದ ಆಸುಪಾಸಿನಲ್ಲಿ ಶುರುವಾದವು, ಕಬ್ಬಿಣ ಇಲ್ಲಿಗೆ ಬರುವ ಎಷ್ಟೋ ಮೊದಲು. ಬೇಕಂತಲೇ ಯಾಕೆ ಸುಟ್ಟರು ಎಂಬ ಚರ್ಚೆ ಇನ್ನೂ ಮುಗಿದಿಲ್ಲ; ದನ ಕಿಚ್ಚು ಹಾಯಿಸುವ ಹಬ್ಬದ ಜೊತೆ ಅದನ್ನು ತಳಕು ಹಾಕುವುದು ಚೆಂದದ ಊಹೆ, ಪುರಾವೆಯಲ್ಲ.

ಬೂದಿಯ ಬೆಲೆ ಇರುವುದು ಪದರಗಳಲ್ಲಿ. ಟ್ರ್ಯಾಕ್ಟರಿಗೆ ತುಂಬಿ ಹೊಲಕ್ಕೆ ಹೊಡೆದರೆ ಪೊಟ್ಯಾಷ್ ಸಿಗಬಹುದು, ಆದರೆ ಯಾವ ಬೆಂಕಿ ಮೊದಲು, ಯಾವುದು ಆಮೇಲೆ ಎಂಬುದು ಅಳಿಸಿಹೋಗುತ್ತದೆ. ಜೆಸಿಬಿ ಕೊರೆದ ಅಂಚಿನಿಂದ ಮಾದರಿ ತೆಗೆಯುವುದೇ ಆದರೆ ಮೊದಲು ಒಂದು ಕೈಯಗಲ ಹೊರಮೈ ಕೆರೆದು ಹೊಸ ಮುಖ ಮಾಡಿಕೊಳ್ಳಬೇಕು, ಆಮೇಲೆ ಕೆಳಗಿನ ಪದರದಿಂದ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ಉದುರಿದ ಬೂದಿ ಕೆಳಗಿನದರಲ್ಲಿ ಬೆರೆತು ಕಾಲವೇ ತಲೆಕೆಳಗಾಗುತ್ತದೆ. ಇದ್ದಿಲನ್ನು ಕಾಗದದಲ್ಲೋ ಹತ್ತಿಯಲ್ಲೋ ಸುತ್ತಬಾರದು. ಅವೂ ಇಂಗಾಲವೇ, ಇದ್ದಿಲಿನ ಇಂಗಾಲ ಅಳೆದು ಮಾಡುವ ಕಾಲನಿರ್ಣಯಕ್ಕೆ ಅಡ್ಡ ಬರುತ್ತವೆ. ಅಲ್ಯೂಮಿನಿಯಂ ಹಾಳೆ ಸರಿ. ಬೂದಿಯ ಪಕ್ಕದ ಹಟ್ಟಿಮಣ್ಣನ್ನು ನೀರಲ್ಲಿ ಕಲಕಿ, ತೇಲಿದ್ದನ್ನು ಅರ್ಧ ಮಿಲಿಮೀಟರಿಗಿಂತ ಸಣ್ಣ ಜಾಲರಿಯಲ್ಲಿ ಹಿಡಿದರೆ ಸುಟ್ಟ ಕಾಳು ಸಿಗುತ್ತವೆ. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಹೀಗೆ ಸಿಕ್ಕದ್ದು ಹುರುಳಿ, ಹೆಸರು, ಕೊರಲೆ. ಹುರುಳಿ ಇವತ್ತಿಗೂ ನಮ್ಮ ಅಡುಗೆಮನೆ ಬಿಟ್ಟು ಹೋಗಿಲ್ಲ.

ಇದೆಲ್ಲ ಅನುಮತಿ ಪಡೆದವರ ಕೆಲಸ. ಸಂಗನಕಲ್ಲು, ಪಕ್ಕದ ಕಪ್ಪಗಲ್ಲು ಗುಡ್ಡ ನೋಡಲು ಹೋಗುವವರು ಬೆಳಗ್ಗೆ ಬೇಗ ಹೋಗಲಿ: ಓರೆ ಬಿಸಿಲಲ್ಲಿ ಬಂಡೆ ಮೇಲಿನ ಗೂಳಿಚಿತ್ರಗಳು ಎದ್ದು ಕಾಣುತ್ತವೆ, ನಡುಮಧ್ಯಾಹ್ನ ಮಾಯ. ಗೆರೆಗಳ ಮೇಲೆ ಸೀಮೆಸುಣ್ಣ ತೀಡಬೇಡಿ. ಕಲ್ಲುಗಣಿಯಿಂದ ಈ ಗುಡ್ಡದ ಚಿತ್ರಗಳು ಈಗಾಗಲೇ ಸಾಕಷ್ಟು ಹೋಗಿವೆ. ಹೊಲ ಉಳುವಾಗ ತೂತುಬಿದ್ದ ಹೆಂಟೆ ಎದ್ದರೆ ಎತ್ತಿಕೊಳ್ಳದೆ, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು, ಅಂಚಿನ ಪದರವೂ ಬರುವಂತೆ ಫೋಟೊ ತೆಗೆದು ಪುರಾತತ್ತ್ವ ಇಲಾಖೆಗೆ ಕಳಿಸಿ. ನಾಣ್ಯದ ಅಗಲ 27 ಮಿಲಿಮೀಟರ್. ಅಳತೆಗೆ ಅಷ್ಟು ಸಾಕು.