ಸಾಂದ್ರತೆಯ ಲೆಕ್ಕ: ಸಾವಿರದಿಂದ ಗುಣಿಸಬೇಕಾ, ಭಾಗಿಸಬೇಕಾ?

ಪ್ರಶ್ನೆ: ಉಕ್ಕಿನ ಸಾಂದ್ರತೆ ಒಂದು ಪುಸ್ತಕದಲ್ಲಿ 7.85 ಅಂತಿದೆ, ಇನ್ನೊಂದರಲ್ಲಿ 7850 ಅಂತಿದೆ. ಮೊದಲನೆಯದು ಘನ ಸೆಂಟಿಮೀಟರ್‌ಗೆ ಇಷ್ಟು ಗ್ರಾಂ, ಎರಡನೆಯದು ಘನ ಮೀಟರ್‌ಗೆ ಇಷ್ಟು ಕಿಲೋಗ್ರಾಂ. ಗ್ರಾಂನಿಂದ ಕಿಲೋಗೆ ಹೋಗುವಾಗ 1000ದಿಂದ ಭಾಗಿಸಬೇಕಲ್ವಾ? ಇಲ್ಲಿ ಗುಣಿಸಿದ್ದಾರೆ. ಯಾಕೆ?

ಉತ್ತರ: ನೀವು ಭಾಗಿಸಿದ್ದು ತಪ್ಪಲ್ಲ. ಆದರೆ ಅಲ್ಲಿಗೆ ಅರ್ಧ ಕೆಲಸ ಮಾತ್ರ ಮುಗಿದಿದೆ.

ಸಾಂದ್ರತೆ ಅಂದರೆ ಇಷ್ಟು ಜಾಗದಲ್ಲಿ ಎಷ್ಟು ತೂಕ ಕೂತಿದೆ ಅನ್ನೋ ಮಾತು. (ಪಾಠದಲ್ಲಿ ತೂಕ ಅನ್ನದೆ ರಾಶಿ ಅನ್ನುತ್ತಾರೆ, ಅದೇ ಸರಿ. ಇಲ್ಲಿ ತಕ್ಕಡಿಯ ಮಾತಿನಲ್ಲೇ ಹೇಳುತ್ತೇನೆ.) ಗ್ರಾಂ ಹೋಗಿ ಕಿಲೋ ಬಂದಾಗ ತೂಕದ ಅಳತೆ ಬದಲಾಯಿತು. ಅದರ ಜೊತೆಗೇ ಘನ ಸೆಂಟಿಮೀಟರ್ ಹೋಗಿ ಘನ ಮೀಟರ್ ಬಂತು, ಜಾಗದ ಅಳತೆಯೂ ಬದಲಾಯಿತು. ಎಡವುವುದು ಈ ಎರಡನೆಯದರಲ್ಲಿ.

ಒಂದು ಮೀಟರ್‌ಗೆ 100 ಸೆಂಟಿಮೀಟರ್. ಹಾಗಂತ ಒಂದು ಘನ ಮೀಟರ್‌ಗೆ 100 ಘನ ಸೆಂಟಿಮೀಟರ್ ಅಲ್ಲ. ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಪೆಟ್ಟಿಗೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದರ ತಳದಲ್ಲಿ ಒಂದೊಂದು ಸೆಂಟಿಮೀಟರ್‌ನ ಪುಟ್ಟ ದಾಳಗಳನ್ನು ಜೋಡಿಸಿ. ಒಂದು ಸಾಲಿಗೆ 100 ದಾಳ, ಅಂಥ 100 ಸಾಲು. ತಳ ತುಂಬುವಷ್ಟರಲ್ಲೇ 10,000 ದಾಳ ಬೇಕಾಯಿತು. ಹೀಗೆ ಒಂದರ ಮೇಲೊಂದು 100 ಪದರ ಬರಬೇಕು. ಒಟ್ಟು 10 ಲಕ್ಷ.

ಒಂದೊಂದು ದಾಳವೂ 7.85 ಗ್ರಾಂನ ಉಕ್ಕು ಅಂದುಕೊಳ್ಳಿ. ಇಡೀ ಪೆಟ್ಟಿಗೆ 78,50,000 ಗ್ರಾಂ ಆಯಿತು. ಈಗ ನೀವು ಮಾಡಿದ ಹಾಗೇ 1000ದಿಂದ ಭಾಗಿಸಿ: 7850 ಕೆಜಿ. ಜಾಗಕ್ಕಾಗಿ 10 ಲಕ್ಷದಿಂದ ಗುಣಿಸಿ, ತೂಕಕ್ಕಾಗಿ 1000ದಿಂದ ಭಾಗಿಸಿದೆವು. ಉಳಿದದ್ದು 1000ದ ಗುಣಾಕಾರ.

ಸುಮ್ನೆ ಭಾಗಿಸಿ ಬಿಟ್ಟಿದ್ದರೆ 0.00785 ಬರುತ್ತಿತ್ತು. ಅಂದರೆ ಮೇಜಿನಷ್ಟು ದೊಡ್ಡ ಉಕ್ಕಿನ ದಿಮ್ಮಿ ಎಂಟು ಗ್ರಾಂ ಕೂಡ ತೂಗುವುದಿಲ್ಲ ಅಂತಾಯಿತು. ಅಷ್ಟೇ ಜಾಗದಲ್ಲಿರುವ ಬರೀ ಗಾಳಿಯೇ 1.2 ಕೆಜಿ ತೂಗುತ್ತದೆ! ಉತ್ತರ ಬಂದ ಮೇಲೆ ಹೀಗೆ ಒಮ್ಮೆ ಪೆಟ್ಟಿಗೆ ತುಂಬಿ ನೋಡಿದರೆ ತಪ್ಪು ತಾನಾಗಿ ಕಾಣುತ್ತದೆ.

ನಾನು ಲೆಕ್ಕ ಮಾಡುವಾಗ ಮನೆ ಮೇಲಿನ ಸಾವಿರ ಲೀಟರ್ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳುತ್ತೇನೆ. ಸಾವಿರ ಲೀಟರ್ ಅಂದರೆ ಸರಿಯಾಗಿ ಒಂದು ಘನ ಮೀಟರ್. ತುಂಬಿದಾಗ ಒಳಗಿನ ನೀರು 1000 ಕೆಜಿ, ಅಂದರೆ ಒಂದು ಟನ್. ಅದೇ ನೀರು ಕಿರುಬೆರಳಿನ ತುದಿಯಷ್ಟು ಜಾಗದಲ್ಲಿ ಒಂದು ಗ್ರಾಂ. ಬೆರಳ ತುದಿಯ ಲೆಕ್ಕದಲ್ಲಿ 1, ಟ್ಯಾಂಕಿನ ಲೆಕ್ಕದಲ್ಲಿ 1000. ನೀರಿಗೆ ಇಷ್ಟು ದುಂಡಗಿನ ಸಂಖ್ಯೆ ಆಕಸ್ಮಿಕವಾಗಿ ಬಂದದ್ದಲ್ಲ. 1795ರಲ್ಲಿ ಫ್ರಾನ್ಸಿನ ಕಾನೂನು ಗ್ರಾಂ ಅನ್ನು ಕಟ್ಟಿದ್ದೇ ನೀರಿನ ಮೇಲೆ. ಮಂಜುಗಡ್ಡೆ ಕರಗುವ ತಾಪದಲ್ಲಿ ಒಂದು ಘನ ಸೆಂಟಿಮೀಟರ್ ಶುದ್ಧ ನೀರಿನ ತೂಕವೇ ಒಂದು ಗ್ರಾಂ ಅಂತ ಬರೆದರು. ಇವತ್ತಿನ ಸೂಕ್ಷ್ಮ ಅಳತೆಯಲ್ಲಿ 4 ಡಿಗ್ರಿಯ ನೀರು 999.97 ಕೆಜಿ ಬರುತ್ತದೆ. ನಮ್ಮ ಕೆಲಸಕ್ಕೆ 1000 ಸಾಕು.

ನಮ್ಮ ಹಳೆಯ ಸೇರಿನಲ್ಲಿ ಈ ಅನುಕೂಲ ಇರಲಿಲ್ಲ. ಅಳತೆಯ ಸೇರು ಬೇರೆ, ತೂಕದ ಸೇರು ಬೇರೆ. ಒಂದು ಸೇರು ಅಕ್ಕಿ, ಒಂದು ಸೇರು ಮಂಡಕ್ಕಿ ಅಂದಾಗ ಪಾತ್ರೆಯ ಮಾತಾ, ತಕ್ಕಡಿಯ ಮಾತಾ ಅಂತ ಕೇಳಿಕೊಳ್ಳಬೇಕಿತ್ತು.

ಇನ್ನೊಂದು ವಿಷಯವನ್ನು ಶಾಲೆಯಲ್ಲಿ ಒತ್ತಿ ಹೇಳಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಸಾಂದ್ರತೆಯ ಮಾನಗಳು ನೋಡೋಕೆ ತುಂಬಾ ಇವೆ, ಆದರೆ ದಿನದ ಬಳಕೆಯವು ಎರಡೇ ಗುಂಪು. ಸೀಸಿಗೆ (ಅಂದರೆ ಘನ ಸೆಂಟಿಮೀಟರ್‌ಗೆ) ಗ್ರಾಂ, ಲೀಟರ್‌ಗೆ ಕಿಲೋ, ಘನ ಮೀಟರ್‌ಗೆ ಟನ್, ಈ ಮೂರರಲ್ಲೂ ಸಂಖ್ಯೆ ಒಂದೇ. ಉಕ್ಕು ಮೂರರಲ್ಲೂ 7.85. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತೂಕವೂ ಸಾವಿರ ಪಟ್ಟು, ಜಾಗವೂ ಸಾವಿರ ಪಟ್ಟು ಹೆಚ್ಚುತ್ತದೆ, ಹಾಗಾಗಿ ಸಂಖ್ಯೆ ಅಲುಗಾಡುವುದಿಲ್ಲ. ಇನ್ನೊಂದು ಗುಂಪಿನಲ್ಲಿ ಘನ ಮೀಟರ್‌ಗೆ ಕಿಲೋ, ಲೀಟರ್‌ಗೆ ಗ್ರಾಂ ಇವೆ. ಅಲ್ಲೂ ಸಂಖ್ಯೆ ಒಂದೇ, 7850. ಈ ಗುಂಪಿನಿಂದ ಆ ಗುಂಪಿಗೆ ದಾಟುವಾಗ ಮಾತ್ರ 1000ದ ಕೆಲಸ.

ಅಡುಗೆಮನೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ತಿರುಗಿಸಿ ನೋಡಿ. 1 ಲೀಟರ್, 910 ಗ್ರಾಂ ಅಂತ ಅಚ್ಚಾಗಿರುತ್ತದೆ. ಆ 910 ಅಂದರೆ ಎಣ್ಣೆಯ ಸಾಂದ್ರತೆಯೇ. ಘನ ಮೀಟರ್‌ಗೆ 910 ಕೆಜಿ, ಸೀಸಿಗೆ 0.91 ಗ್ರಾಂ. ನೀರಿನ 1ಕ್ಕಿಂತ ಕಡಿಮೆ, ಅದಕ್ಕೇ ಸಾರಿನ ಮೇಲೆ ಎಣ್ಣೆ ತೇಲುತ್ತದೆ.

ಮನೆ ಕಟ್ಟಿಸಿದವರಿಗೆ 162 ಅನ್ನೋ ಸಂಖ್ಯೆ ಪರಿಚಯ ಇರುತ್ತದೆ. ಕಂಬಿಯ ದಪ್ಪವನ್ನು ಮಿಲಿಮೀಟರ್‌ನಲ್ಲಿ ತಗೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಕಿಲೋದಲ್ಲಿ ಸಿಗುತ್ತದೆ. 12 ಎಂಎಂ ಕಂಬಿಗೆ 144 ಭಾಗಿಸು 162, ಅಂದರೆ 0.889. ಈ 162 ಎಲ್ಲಿಂದ ಬಂತು ಅಂತ ಬಿಡಿಸಿ ನೋಡೋಣ. ಕಂಬಿಯ ಅಡ್ಡಳತೆ 1.2 ಸೆಂಟಿಮೀಟರ್. ಕತ್ತರಿಸಿದ ಮುಖದ ವಿಸ್ತೀರ್ಣ 1.131 ಚದರ ಸೆಂಟಿಮೀಟರ್. ಉದ್ದ 100 ಸೆಂಟಿಮೀಟರ್. ಒಟ್ಟು 113.1 ಸೀಸಿ ಉಕ್ಕು. ಅದನ್ನು 7.85ರಿಂದ ಗುಣಿಸಿದರೆ 888 ಗ್ರಾಂ. ವೃತ್ತದ ಪೈ, ಉಕ್ಕಿನ ಸಾಂದ್ರತೆ, ಮಾನಗಳ ಬದಲಾವಣೆ ಎಲ್ಲವನ್ನೂ ಒಂದೇ ಸಂಖ್ಯೆಗೆ ಇಳಿಸಿದಾಗ 162.2 ಬರುತ್ತದೆ, ರೂಢಿಯಲ್ಲಿ 162. ಹಾಗಾಗಿ ಇದು ಉಕ್ಕಿಗೆ ಮಾತ್ರ. 2.7 ಸಾಂದ್ರತೆಯ ಅಲ್ಯೂಮಿನಿಯಂ ಸರಳಿಗೆ ಇದನ್ನು ಹಾಕಿದರೆ ತೂಕ ಸುಮಾರು ಮೂರು ಪಟ್ಟು ಜಾಸ್ತಿ ತೋರಿಸುತ್ತದೆ.

ಇದೇ ಕಂಬಿಯನ್ನು ಮೀಟರ್‌ನಲ್ಲಿ ಲೆಕ್ಕ ಹಾಕಿದರೆ 0.0001131 ಘನ ಮೀಟರ್. 7850ರಿಂದ ಗುಣಿಸಿ: 0.888 ಕೆಜಿ. ಮರೆತು 7.85 ಹಾಕಿದರೆ 0.000888 ಬರುತ್ತದೆ. ಆ ಸಂಖ್ಯೆ ಕೂಡ ತಪ್ಪಲ್ಲ, ಅದು ಟನ್‌ನಲ್ಲಿ ಬಂದ ಉತ್ತರ! ಅದನ್ನು ಕಿಲೋ ಅಂತ ಓದಿದರೆ ಮಾತ್ರ ಕೆಟ್ಟಿತು. ಸಂಖ್ಯೆಯ ಪಕ್ಕ ಮಾನ ಬರೆಯದೆ ಮುಂದೆ ಹೋಗಬೇಡಿ ಅಂತ ನಾನು ಪಟ್ಟು ಹಿಡಿದು ಹೇಳುವುದು ಇದಕ್ಕೇ. 12 ಮೀಟರ್‌ನ ಪೂರ್ತಿ ಕಂಬಿ 10.66 ಕೆಜಿ ಇರಬೇಕು. ಭಾರತೀಯ ಮಾನಕದಲ್ಲಿ ಈ ದಪ್ಪಕ್ಕೆ ಶೇ. 5ರಷ್ಟು ಆಚೀಚೆ ಆಗಬಹುದು. ಕಂಬಿ ಇಳಿಸಿಕೊಳ್ಳುವ ದಿನ ಈ ಲೆಕ್ಕ ಕೈಯಲ್ಲಿರಲಿ.

ಪೆಟ್ರೋಲ್ ಬಂಕ್‌ನಲ್ಲಿ ಡೆನ್ಸಿಟಿ ಅಂತ ಒಂದು ಅಂಕಿ ಬರೆದಿರುತ್ತಾರಲ್ಲ, ಅದೂ ಇದೇ. ಪೆಟ್ರೋಲ್‌ಗೆ 720ರಿಂದ 775ರೊಳಗೆ ಇರಬೇಕು. 748 ಅಂತಿದ್ದರೆ ಒಂದು ಲೀಟರ್ 748 ಗ್ರಾಂ ತೂಗುತ್ತದೆ ಅಂತ ನೇರವಾಗಿ ಓದಿಕೊಳ್ಳಿ. ಆದರೆ ಆ ಅಂಕಿ 15 ಡಿಗ್ರಿ ತಾಪಕ್ಕೆ ಸರಿಹೊಂದಿಸಿದ್ದು. ಬಿಸಿಯಾದಾಗ ಪೆಟ್ರೋಲ್ ಹಿಗ್ಗುತ್ತದೆ, ಒಂದು ಡಿಗ್ರಿಗೆ ಸುಮಾರು 0.9ರಷ್ಟು ಸಾಂದ್ರತೆ ಇಳಿಯುತ್ತದೆ. 30 ಡಿಗ್ರಿಯ ಮಧ್ಯಾಹ್ನ ಜಾಡಿಯಲ್ಲಿ ಹೈಡ್ರೋಮೀಟರ್ (ತೇಲಿಬಿಟ್ಟು ಸಾಂದ್ರತೆ ಓದುವ ಕೊಳವೆ) ಬಿಟ್ಟು 735 ಕಂಡರೆ ಕಲಬೆರಕೆ ಅಂತ ಜಗಳ ತೆಗೆಯಬೇಡಿ. ತಾಪ ನೋಡಿ, ಬಂಕ್‌ನಲ್ಲಿರುವ ಕೋಷ್ಟಕ ತೋರಿಸಲು ಕೇಳಿ.

ಹಾಲಿಗೆ ಬರೋಣ. ಲ್ಯಾಕ್ಟೋಮೀಟರ್ 28 ತೋರಿಸಿತು ಅಂದರೆ ಸಾಂದ್ರತೆ 28 ಅಂತಲ್ಲ. 1000ಕ್ಕಿಂತ ಎಷ್ಟು ಹೆಚ್ಚು ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಅಂದರೆ 1028, ಸೀಸಿಗೆ 1.028 ಗ್ರಾಂ. ನೀರು ಬೆರೆಸಿದರೆ ಅಂಕಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಕೆನೆ ತೆಗೆದು ನೀರೂ ಬೆರೆಸಿದರೆ ಅಂಕಿ ಮತ್ತೆ ಸರಿಯಾಗೇ ಕಾಣಬಹುದು. ಹಾಗಾಗಿ ಜಿಡ್ಡಿನ ಪರೀಕ್ಷೆಯನ್ನೂ ಮಾಡುತ್ತಾರೆ.

ಹಸು ಸಾಕಿದವರಿಗೆ ಇದು ದುಡ್ಡಿನ ಲೆಕ್ಕವೂ ಹೌದು. 10 ಲೀಟರ್ ಹಾಲು ಸುಮಾರು 10.3 ಕೆಜಿ ತೂಗುತ್ತದೆ. 10 ಕೆಜಿ ಹಾಲು ಅಂದರೆ 9.7 ಲೀಟರ್. ತಕ್ಕಡಿಯಲ್ಲಿ ತೂಗಿ ಲೀಟರ್ ದರ ಕೊಡುವುದಾದರೆ ನಡುವೆ 1.03ರ ಭಾಗಾಕಾರ ಆಗಿರಬೇಕು. ಮಾಪಿನಲ್ಲಿ ಅಳೆದು ಕೆಜಿ ದರ ಕೊಡುವುದಾದರೆ ಗುಣಾಕಾರ ಆಗಿರಬೇಕು. ನಿಮ್ಮ ಚೀಟಿಯಲ್ಲಿ ಯಾವುದು ಬರೆದಿದೆ ಅಂತ ನಾಳೆ ಬೆಳಗ್ಗೆ ಹಾಲು ಹಾಕುವಾಗ ನೋಡಿಕೊಳ್ಳಿ.